ಕೆಲವೇ ಸೆಂಟಿಮೀಟರ್ ಸಾಲದ ತಂತಿ: ಏರ್‌ಬಸ್ ಎ380 ವಿನ್ಯಾಸದ ಒಂದು ಪ್ರಕರಣ ಅಧ್ಯಯನ

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಯಾರಾದ ಏರ್‌ಬಸ್ ಎ380 ವಿಮಾನದ ಒಡಲಿನ ಭಾಗಗಳನ್ನು ಫ್ರಾನ್ಸಿನ ಟುಲೂಸ್ ನಗರದ ಅಂತಿಮ ಜೋಡಣಾ ಘಟಕಕ್ಕೆ ಕಳುಹಿಸುವಾಗ, ಅವುಗಳೊಳಗಿನ ವಿದ್ಯುತ್ ತಂತಿಗಳನ್ನು ಕಟ್ಟುಗಳನ್ನಾಗಿ ಮಾಡಿ, ತುದಿಗೆ ಕನೆಕ್ಟರ್ ಹಾಕಿ, ಪಕ್ಕದ ಭಾಗಕ್ಕೆ ಸೇರಿಸಲು ಸಿದ್ಧವಾಗಿ ಇಡಲಾಗಿತ್ತು. ಟುಲೂಸ್‌ನಲ್ಲಿ ಭಾಗಗಳನ್ನು ಕೂಡಿಸಿ ತಂತಿಗಳನ್ನು ಎಳೆದಾಗ ಹಲವು ಕಟ್ಟುಗಳು ತಲುಪಬೇಕಾದ ಜಾಗವನ್ನು ತಲುಪಲಿಲ್ಲ. ಕೊರತೆ ಕೆಲವೇ ಸೆಂಟಿಮೀಟರ್‌ಗಳದು. ವಿನ್ಯಾಸಕಾರರ ಪರದೆಯ ಮೇಲೆ ಪ್ರತಿ ತಂತಿಯೂ ತನ್ನ ಜಾಗದಲ್ಲಿ ಸರಿಯಾಗಿಯೇ ಕೂತಿತ್ತು. 2005ರ ಏಪ್ರಿಲ್ 27ರಂದು ಮೊದಲ ಬಾರಿಗೆ ಹಾರಿದ ಈ ವಿಮಾನವು ಗ್ರಾಹಕರ ಕೈಸೇರಿದ್ದು 2007ರ ಅಕ್ಟೋಬರ್ 15ರಂದು. ಮೂಲ ಯೋಜನೆಯ ಪ್ರಕಾರ ಸಿಂಗಪುರ ಏರ್‌ಲೈನ್ಸ್ ಅದನ್ನು 2006ರಲ್ಲೇ ಪಡೆಯಬೇಕಿತ್ತು.

ಈ ವಿಳಂಬದ ಆರ್ಥಿಕ ಕಥೆ ಹಲವು ಕಡೆ ಬಂದಿರುವುದರಿಂದ ಅದನ್ನು ಇಲ್ಲಿ ಚುಟುಕಾಗಿ ಮುಗಿಸುತ್ತೇನೆ. ಎರಡನೆಯ ವಿಳಂಬವನ್ನು 2006ರ ಜೂನ್‌ನಲ್ಲಿ ಪ್ರಕಟಿಸಿದ ಮರುದಿನವೇ ಏರ್‌ಬಸ್‌ನ ಮಾತೃಸಂಸ್ಥೆಯಾಗಿದ್ದ ಇಎಡಿಎಸ್‌ನ ಷೇರಿನ ಬೆಲೆ ಸುಮಾರು ಕಾಲು ಭಾಗ ಕುಸಿಯಿತು. ಜುಲೈನಲ್ಲಿ ಏರ್‌ಬಸ್ ಮುಖ್ಯಸ್ಥ ಗುಸ್ತಾವ್ ಹುಂಬರ್ಟ್ ಮತ್ತು ಇಎಡಿಎಸ್‌ನ ಸಹ-ಮುಖ್ಯಸ್ಥ ನೋಯೆಲ್ ಫೋರ್ಜಾರ್ ಹುದ್ದೆ ಬಿಟ್ಟರು. ಅದೇ ಅಕ್ಟೋಬರ್‌ನಲ್ಲಿ ಮೂರನೆಯ ವಿಳಂಬವನ್ನು ಘೋಷಿಸುವಾಗ 2010ರವರೆಗಿನ ಲಾಭದಲ್ಲಿ ಒಟ್ಟು 4.8 ಶತಕೋಟಿ ಯೂರೋ ಕಡಿಮೆಯಾಗಬಹುದೆಂದು ಸಂಸ್ಥೆಯೇ ಅಂದಾಜಿಸಿತು. ಈ ಬರಹದ ವಿಷಯ ಬೇರೆ: ಕಂಪ್ಯೂಟರ್ ನೆರವಿನ ಯಾಂತ್ರಿಕ ವಿನ್ಯಾಸ ಮತ್ತು ಡ್ರಾಫ್ಟಿಂಗ್‌ನ ಮೊದಲ ಪಾಠಗಳಲ್ಲಿ ಬರುವ ಯಾವ ಪರಿಕಲ್ಪನೆಗಳು ಇಲ್ಲಿ ಕೈಕೊಟ್ಟವು, ಮತ್ತು ಹೇಗೆ. ನಮ್ಮ ವಿಟಿಯು ಕಾಲೇಜುಗಳ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕಂಪ್ಯೂಟರ್ ಏಡೆಡ್ ಎಂಜಿನಿಯರಿಂಗ್ ಡ್ರಾಯಿಂಗ್ ಎಂಬ ವಿಷಯವನ್ನು ಓದುತ್ತಾರೆ. ಅಲ್ಲಿ ಗೆರೆ ಎಳೆಯುವುದಕ್ಕೆ ಸಿಗುವಷ್ಟು ಗಮನ ಆ ಗೆರೆಯ ಹಿಂದಿರುವ ನಿಯಮಕ್ಕೆ ಸಿಗುವುದಿಲ್ಲವೆಂಬುದು ನನ್ನ ಅನಿಸಿಕೆ, ಹಾಗಾಗಿ ಈ ಪ್ರಕರಣವನ್ನು ಆಯ್ದುಕೊಂಡಿದ್ದೇನೆ.

ಕೆಲಸದ ಹಂಚಿಕೆ

ಎ380ರ ರೆಕ್ಕೆಗಳು ಬ್ರಿಟನ್ನಿನ ಬ್ರಾಟನ್‌ನಲ್ಲಿ, ಮೂತಿ ಮತ್ತು ಒಡಲಿನ ನಡುಭಾಗ ಫ್ರಾನ್ಸಿನ ಸೇಂಟ್ ನಝೇರ್‌ನಲ್ಲಿ, ಒಡಲಿನ ಮುಂಭಾಗ ಮತ್ತು ಹಿಂಭಾಗ ಹ್ಯಾಂಬರ್ಗ್‌ನಲ್ಲಿ, ಬಾಲದ ಅಡ್ಡರೆಕ್ಕೆ ಸ್ಪೇನ್‌ನಲ್ಲಿ ತಯಾರಾಗುತ್ತಿದ್ದವು. ಈ ಭಾಗಗಳು ಹಡಗಿನಲ್ಲಿ, ಆಮೇಲೆ ಗರೋನ್ ನದಿಯ ದೋಣಿಗಳಲ್ಲಿ, ಕೊನೆಗೆ ರಾತ್ರಿಯ ರಸ್ತೆ ಮೆರವಣಿಗೆಯಲ್ಲಿ ಟುಲೂಸ್ ತಲುಪುತ್ತಿದ್ದವು. ಏರ್‌ಬಸ್ ಆಗಷ್ಟೇ, 2001ರಲ್ಲಿ, ಒಂದೇ ಕಂಪನಿಯಾಗಿತ್ತು. ಅದಕ್ಕೂ ಮೊದಲು ಅದು ನಾಲ್ಕು ದೇಶಗಳ ಸಂಸ್ಥೆಗಳ ಒಕ್ಕೂಟ. ಪ್ರತಿಯೊಂದು ದೇಶದ ವಿನ್ಯಾಸ ಕಚೇರಿಗೂ ತನ್ನದೇ ರೂಢಿ, ತನ್ನದೇ ಸಾಫ್ಟ್‌ವೇರ್, ತನ್ನದೇ ಫೈಲ್ ಹೆಸರಿಡುವ ಪದ್ಧತಿ ಇದ್ದವು. ವಿಮಾನದ ಒಟ್ಟು ತಂತಿ ಸುಮಾರು 530 ಕಿಲೋಮೀಟರ್. ತಂತಿಗಳ ಸಂಖ್ಯೆ ಒಂದು ಲಕ್ಷದ ಹತ್ತಿರ, ಕನೆಕ್ಟರ್‌ಗಳು 40,000ಕ್ಕೂ ಹೆಚ್ಚು. ಸಾಲದ್ದಕ್ಕೆ, ಆಸನ, ಅಡುಗೆಕೋಣೆ, ಮನರಂಜನಾ ಪರದೆಗಳ ಜೋಡಣೆಯನ್ನು ಪ್ರತಿ ವಿಮಾನಯಾನ ಸಂಸ್ಥೆಯೂ ತನಗೆ ಬೇಕಾದಂತೆ ಬದಲಾಯಿಸಿಕೊಳ್ಳುತ್ತಿತ್ತು, ಹೀಗಾಗಿ ಒಬ್ಬ ಗ್ರಾಹಕನ ವಿಮಾನದ ತಂತಿ ಇನ್ನೊಬ್ಬನದರಂತೆ ಇರುತ್ತಿರಲಿಲ್ಲ.

ಮಾಡೆಲ್‌ನೊಳಗೆ ಏನಿರುತ್ತದೆ

1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಅವರು ಸ್ಕೆಚ್‌ಪ್ಯಾಡ್ ಎಂಬ ಕಾರ್ಯಕ್ರಮವನ್ನು ರೂಪಿಸಿದಾಗಲೇ ಈ ಕ್ಷೇತ್ರದ ತಿರುಳು ಸ್ಪಷ್ಟವಾಗಿತ್ತು. ಅದರಲ್ಲಿ ಬಳಕೆದಾರ ಎರಡು ಗೆರೆಗಳನ್ನು ಎಳೆದು, ಅವು ಸಮಾನಾಂತರವಾಗಿರಬೇಕು ಅಥವಾ ಸಮ ಉದ್ದವಿರಬೇಕು ಎಂಬ ನಿಯಮವನ್ನು ಹೇಳಿದರೆ ಯಂತ್ರವೇ ಗೆರೆಗಳನ್ನು ತಿದ್ದಿ ಆ ನಿಯಮಕ್ಕೆ ಹೊಂದಿಸುತ್ತಿತ್ತು. ಇಂದಿಗೂ ಯಾವುದೇ ಯಾಂತ್ರಿಕ ಮಾಡೆಲ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ಭಾಗದ ಪ್ರತಿರೂಪದಲ್ಲಿ, ಮೂರು ಸಂಗತಿಗಳು ಒಂದರ ಮೇಲೊಂದು ಕೂತಿರುತ್ತವೆ. ಕಣ್ಣಿಗೆ ಕಾಣುವ ಆಕಾರ ಮೇಲ್ಪದರ: ಮೇಲ್ಮೈಗಳು, ಅಂಚುಗಳು, ಅವು ಕೂಡಿ ಸುತ್ತುವರಿದ ಘನ. ಅದರ ಕೆಳಗೆ ಆ ಆಕಾರ ಹುಟ್ಟಿದ ಕ್ರಮವಿರುತ್ತದೆ, ಎಂದರೆ ಯಾವ ಸ್ಕೆಚ್ ಅನ್ನು ಎಷ್ಟು ದಪ್ಪಕ್ಕೆ ಎಳೆಯಲಾಯಿತು, ಯಾವ ಅಂಚನ್ನು ಎಷ್ಟು ತ್ರಿಜ್ಯದಲ್ಲಿ ಸವರಲಾಯಿತು, ಯಾವ ರಂಧ್ರದ ಕೇಂದ್ರವನ್ನು ಯಾವ ಮುಖದಿಂದ ಅಳೆಯಲಾಯಿತು ಎಂಬ ಇತಿಹಾಸ. ಎಲ್ಲಕ್ಕಿಂತ ಕೆಳಗೆ ವಿನ್ಯಾಸಕಾರನ ಉದ್ದೇಶವಿರುತ್ತದೆ: ಈ ಗೋಡೆ ಎಂದಿಗೂ 2 ಮಿಲಿಮೀಟರ್‌ಗಿಂತ ತೆಳುವಾಗಬಾರದು, ಈ ಕೊಳವೆಯ ಬಾಗು ಅದರ ವ್ಯಾಸದ ಇಷ್ಟು ಪಟ್ಟಿಗಿಂತ ಬಿಗಿಯಾಗಬಾರದು ಎಂಬ ನಿಯಮಗಳು.

ಡ್ರಾಯಿಂಗ್ ಶೀಟಿನ ಸ್ಥಾನವೂ ಇಲ್ಲಿ ಬದಲಾಗುತ್ತದೆ. ಹಿಂದೆ ಶೀಟೇ ಮೂಲ ದಾಖಲೆಯಾಗಿತ್ತು. ಪ್ರಥಮ ಕೋನ ಪ್ರಕ್ಷೇಪದಲ್ಲಿ (ನೋಟಗಳನ್ನು ಶೀಟಿನ ಮೇಲೆ ಜೋಡಿಸುವ ಒಂದು ಪದ್ಧತಿ) ಮೂರು ನೋಟ, ಒಂದು ಛೇದ, ಅಳತೆ, ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆ), ಮೂಲೆಯಲ್ಲಿ ಶೀಟಿನ ವಿವರ ಬರೆಯುವ ಟೈಟಲ್ ಬ್ಲಾಕ್ ಮತ್ತು ಇದು ಎಷ್ಟನೆಯ ತಿದ್ದುಪಡಿ ಎಂದು ತಿಳಿಸುವ ರಿವಿಷನ್ ಅಕ್ಷರ. ಮೂರು ಆಯಾಮದ ಮಾಡೆಲ್ ಬಂದ ಮೇಲೆ ಶೀಟ್ ಎಂಬುದು ಮಾಡೆಲ್‌ನಿಂದ ಹೊರತೆಗೆದ ನೋಟವಾಯಿತು, ಮಾಡೆಲ್ ಬದಲಾದರೆ ಶೀಟಿನ ಗೆರೆ ಮತ್ತು ಅಳತೆ ತಾವಾಗಿ ಬದಲಾಗಬೇಕೆಂಬುದು ನಿರೀಕ್ಷೆಯಾಯಿತು. ಹೀಗೆ ಭಾಗ, ಜೋಡಣೆ, ಶೀಟ್ ಮೂರೂ ಒಂದಕ್ಕೊಂದು ಕೊಂಡಿಯಾಗಿರುವ ಗುಣವೇ ಇಡೀ ಪದ್ಧತಿಯ ಬಲ. ಕೊಂಡಿ ಕಳಚಿದರೂ ಶೀಟ್ ಮೊದಲಿನಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ ಎಂಬುದು ಅದರ ಅಪಾಯ. ಹಳೆಯ ಅಳತೆಯ ಶೀಟನ್ನು ನೋಡಿ ಅದು ಹಳೆಯದೆಂದು ಕಾರ್ಖಾನೆಯವನು ಹೇಳಲಾರ.

ಬಾಗುವ ಭಾಗದ ಲೆಕ್ಕ

ತಂತಿಕಟ್ಟನ್ನು, ಅಂದರೆ ಹಾರ್ನೆಸ್ ಅನ್ನು, ಪರದೆಯ ಮೇಲೆ ವಿನ್ಯಾಸಗೊಳಿಸುವುದು ಗಟ್ಟಿ ಲೋಹದ ಬ್ರಾಕೆಟ್ (ಆಧಾರದ ತುಂಡು) ಬಿಡಿಸಿದಷ್ಟು ನೇರವಾಗಿರುವುದಿಲ್ಲ. ವಿನ್ಯಾಸಕಾರ ವಿಮಾನದ ಚೌಕಟ್ಟಿನ ಮೇಲೆ ಕಟ್ಟನ್ನು ಹಿಡಿದಿಡುವ ಕ್ಲ್ಯಾಂಪ್‌ಗಳ ಜಾಗವನ್ನು ಗೊತ್ತುಮಾಡುತ್ತಾನೆ, ಆ ಬಿಂದುಗಳ ಮೂಲಕ ಒಂದು ವಕ್ರರೇಖೆ ಹಾಯುತ್ತದೆ, ಆ ರೇಖೆಗೆ ಕಟ್ಟಿನ ದಪ್ಪವನ್ನು ತೊಡಿಸಲಾಗುತ್ತದೆ. ತಂತಿಯ ಉದ್ದವನ್ನು ಯಾರೂ ಟೈಪ್ ಮಾಡುವುದಿಲ್ಲ. ಅದು ರೇಖೆಯಿಂದ ಲೆಕ್ಕವಾಗಿ ಬರುವ ಫಲಿತಾಂಶ. ಆ ಮೇಲೆ ಇದೇ ರೇಖೆಯನ್ನು ಚಪ್ಪಟೆಯಾಗಿ ಬಿಡಿಸಿ ಪೂರ್ಣ ಅಳತೆಯ ಫಾರ್ಮ್‌ಬೋರ್ಡ್ ನಕ್ಷೆ ತೆಗೆಯುತ್ತಾರೆ. ಹಾರ್ನೆಸ್ ಕಾರ್ಖಾನೆಯ ಕೆಲಸಗಾರರು ಆ ನಕ್ಷೆಯನ್ನು ಹಲಗೆಯ ಮೇಲೆ ಹರಡಿ, ಗೂಟಗಳ ನಡುವೆ ತಂತಿ ಹಾಯಿಸಿ, ಕತ್ತರಿಸಿ ಕಟ್ಟುತ್ತಾರೆ. ಅಲ್ಲಿ ಕತ್ತರಿ ಬಿದ್ದ ಮೇಲೆ ಉದ್ದ ಅಂತಿಮ.

ಎ380ರಲ್ಲಿ ತೂಕ ಉಳಿಸಲು ಹಲವೆಡೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿಯನ್ನು ಬಳಸಲಾಯಿತು. ಅಲ್ಯೂಮಿನಿಯಂನ ವಿದ್ಯುತ್ ವಾಹಕತೆ ತಾಮ್ರದ ಸುಮಾರು 61 ಪ್ರತಿಶತ; ಹೀಗಾಗಿ ಅಷ್ಟೇ ರೋಧ ಸಿಗಬೇಕಾದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 1.64 ಪಟ್ಟು, ವ್ಯಾಸ ಸುಮಾರು 1.28 ಪಟ್ಟು ಆಗಬೇಕು. ಸಾಂದ್ರತೆ ಕಡಿಮೆಯಿರುವುದರಿಂದ ಅಷ್ಟಾಗಿಯೂ ತೂಕ ಅರ್ಧಕ್ಕಿಳಿಯುತ್ತದೆ, ಲಾಭ ಅಲ್ಲಿದೆ. ಆದರೆ ಕಟ್ಟು ದಪ್ಪವಾಗುತ್ತದೆ, ಮತ್ತು ಪದೇಪದೇ ಬಾಗಿದರೆ ಅಲ್ಯೂಮಿನಿಯಂ ತಾಮ್ರಕ್ಕಿಂತ ಬೇಗ ದಣಿದು ಮುರಿಯುವುದರಿಂದ ಅದರ ಬಾಗಿಗೆ ಬೇರೆಯದೇ ನಿಯಮ ಬೇಕಾಗುತ್ತದೆ.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬೇಕು. ಇವು ಏರ್‌ಬಸ್‌ನ ಅಂಕಿಗಳಲ್ಲ, ತಿಳಿವಳಿಕೆಗಾಗಿ ನಾನು ಇಟ್ಟುಕೊಂಡವು. 25 ಮಿಲಿಮೀಟರ್ ದಪ್ಪದ ತಾಮ್ರದ ಕಟ್ಟೊಂದಿದೆ, ಅದರ ನಡುಗೆರೆಯ ಬಾಗು ತ್ರಿಜ್ಯವು ದಪ್ಪದ 6 ಪಟ್ಟು ಇರಬೇಕೆಂದು ನಿಯಮವಿದೆ ಎಂದುಕೊಳ್ಳೋಣ. ತ್ರಿಜ್ಯ 150 ಮಿಲಿಮೀಟರ್ ಆಯಿತು. ಅಲ್ಯೂಮಿನಿಯಂಗೆ ಬದಲಾದಾಗ ದಪ್ಪ 32, ಅದೇ ನಿಯಮದಲ್ಲಿ ತ್ರಿಜ್ಯ 192 ಮಿಲಿಮೀಟರ್. ಕಟ್ಟು ಅಡಚಣೆಯೊಂದನ್ನು ಸುತ್ತಿ ಪೂರ್ತಿ ಹಿಂದಕ್ಕೆ ತಿರುಗುವ ಕಡೆ, ಆ ಅರ್ಧವೃತ್ತದ ಉದ್ದ 471 ಮಿಲಿಮೀಟರ್‌ನಿಂದ 603ಕ್ಕೆ ಏರುತ್ತದೆ. ಒಂದೇ ತಿರುವಿನಲ್ಲಿ 13 ಸೆಂಟಿಮೀಟರ್ ಹೆಚ್ಚುವರಿ ತಂತಿ ಬೇಕು. ಅದೇ ಕಟ್ಟು ಲಂಬಕೋನದ ಒಂದು ಮೂಲೆಯನ್ನು ಒಳಗಿನಿಂದ ಸವರಿಕೊಂಡು ಹೋಗುವ ಕಡೆಯಾದರೆ ಲೆಕ್ಕ ತಿರುಗುಮುರುಗಾಗುತ್ತದೆ: ತ್ರಿಜ್ಯ ಹೆಚ್ಚಿದಷ್ಟೂ ಮೂಲೆ ಹೆಚ್ಚು ಕತ್ತರಿಸಿ ದಾರಿ ಸುಮಾರು 18 ಮಿಲಿಮೀಟರ್ ಚಿಕ್ಕದಾಗುತ್ತದೆ. ಇನ್ನು ಕಟ್ಟಿನೊಳಗೇ ನೋಡಿದರೆ, ಅರ್ಧ ತಿರುವಿನಲ್ಲಿ ಹೊರ ಅಂಚಿನ ತಂತಿ ಒಳ ಅಂಚಿನ ತಂತಿಗಿಂತ ಸುಮಾರು 10 ಸೆಂಟಿಮೀಟರ್ ಹೆಚ್ಚು ದೂರ ಸಾಗಬೇಕಾಗುತ್ತದೆ. ಆದ್ದರಿಂದ ಅಲ್ಯೂಮಿನಿಯಂ ಬಂದಿತು, ಎಲ್ಲ ತಂತಿಗೂ ಇಷ್ಟು ಪ್ರತಿಶತ ಸೇರಿಸೋಣ ಎಂದು ಯಾವ ಅನುಭವಿ ಫೋರ್‌ಮನ್ನನೂ ಅಂದಾಜಿನಲ್ಲಿ ಸರಿಪಡಿಸಲು ಆಗದು. ಕೂಡಬೇಕೋ ಕಳೆಯಬೇಕೋ ಎಂಬುದೂ ಪ್ರತಿ ತಿರುವಿನ ಆಕಾರದ ಮೇಲೆ ನಿಂತಿದೆ. ಬಾಗಿನ ನಿಯಮವನ್ನು ಬಲ್ಲ ಮಾಡೆಲ್ ಮಾತ್ರ ಅದನ್ನು ಮರಳಿ ಲೆಕ್ಕಹಾಕಬಲ್ಲದು.

ಎರಡು ಆವೃತ್ತಿಗಳ ನಡುವೆ

ಆ ಹೊತ್ತಿಗೆ ಫ್ರಾನ್ಸ್ ಮತ್ತು ಬ್ರಿಟನ್ನಿನ ಕಚೇರಿಗಳು ದಸಾಲ್ಟ್ ಸಿಸ್ಟಮ್ಸ್ ಸಂಸ್ಥೆಯ ಕ್ಯಾಟಿಯಾ ಎಂಬ ವಿನ್ಯಾಸ ಸಾಫ್ಟ್‌ವೇರಿನ ಐದನೆಯ ಆವೃತ್ತಿಗೆ ಹೋಗಿದ್ದವು. ಜರ್ಮನಿ ಮತ್ತು ಸ್ಪೇನ್ ನಾಲ್ಕನೆಯ ಆವೃತ್ತಿಯಲ್ಲೇ ಉಳಿದಿದ್ದವು. ಹೆಸರು ಒಂದೇ ಆದ್ದರಿಂದ ಇದನ್ನು ಮೊಬೈಲ್ ಆ್ಯಪ್‌ನ ಹೊಸ ಅಪ್‌ಡೇಟ್‌ನಂತೆ ಭಾವಿಸುವವರಿದ್ದಾರೆ. ಒಳಗೆ ಅವೆರಡೂ ಬೇರೆಬೇರೆ ಉತ್ಪನ್ನಗಳೇ. ನಾಲ್ಕನೆಯದು ಯುನಿಕ್ಸ್ ವರ್ಕ್‌ಸ್ಟೇಷನ್‌ಗಳ ಕಾಲದ್ದು. ಅದರಲ್ಲಿ ಮೂರು ಆಯಾಮದ ಆಕಾರವೂ ಎರಡು ಆಯಾಮದ ಡ್ರಾಯಿಂಗೂ ಒಂದೇ ಮಾಡೆಲ್ ಫೈಲಿನಲ್ಲಿ ಇರುತ್ತಿದ್ದವು. ಐದನೆಯದನ್ನು ಮೊದಲಿನಿಂದ ಹೊಸದಾಗಿ ಬರೆಯಲಾಗಿತ್ತು. ಅದರಲ್ಲಿ ಬಿಡಿಭಾಗಕ್ಕೆ ಒಂದು ಫೈಲು, ಜೋಡಣೆಗೆ ಇನ್ನೊಂದು, ಶೀಟಿಗೆ ಮತ್ತೊಂದು; ಮೂರರ ನಡುವೆ ಕೊಂಡಿಗಳು; ಪ್ರತಿ ಭಾಗದ ಪಕ್ಕದಲ್ಲಿ ಅದರ ಹುಟ್ಟಿನ ಕ್ರಮವನ್ನು ತೋರಿಸುವ ಫೀಚರ್‌ಗಳ (ಎಳೆದ ದಪ್ಪ, ಸವರಿದ ಅಂಚು, ಕೊರೆದ ರಂಧ್ರದಂಥ ಒಂದೊಂದು ಹೆಜ್ಜೆಯ) ವೃಕ್ಷ.

ನಾಲ್ಕರ ಫೈಲನ್ನು ಐದರಲ್ಲಿ ತೆರೆಯಲು ಆಗುತ್ತಿತ್ತು, ಗೊಂದಲದ ಮೂಲವೂ ಅದೇ. ತೆರೆದಾಗ ಎರಡು ದಾರಿಗಳಿದ್ದವು. ಒಂದರಲ್ಲಿ ಆಕಾರ ಮಾತ್ರ ಬರುತ್ತದೆ, ಹುಟ್ಟಿನ ಇತಿಹಾಸ ಬರುವುದಿಲ್ಲ. ಇಂಥ ಮಾಡೆಲ್ ಅನ್ನು ವಿನ್ಯಾಸ ಕಚೇರಿಗಳಲ್ಲಿ ಡೆಡ್ ಸಾಲಿಡ್ ಎನ್ನುತ್ತಾರೆ. ಇನ್ನೊಂದರಲ್ಲಿ ಫೀಚರ್‌ಗಳನ್ನು ಮರುಸೃಷ್ಟಿಸುವ ಪ್ರಯತ್ನವಿದೆ, ಆದರೆ ಹೊಸ ವ್ಯವಸ್ಥೆಯಲ್ಲಿ ಸಮಾನವಾದುದು ಇರುವ ಫೀಚರ್‌ಗಳಿಗೆ ಮಾತ್ರ ಅದು ಸಾಧ್ಯ. ಐದರಿಂದ ನಾಲ್ಕಕ್ಕೆ ಹಿಂತಿರುಗುವಾಗಂತೂ ಆಕಾರವಷ್ಟೇ ದಾಟುತ್ತಿತ್ತು. ಅಲ್ಯೂಮಿನಿಯಂ ತಂತಿಯ ಬಾಗಿನ ನಿಯಮ, ರೂಢಿಗೆ ಹೊರತಾದ ಅದರ ಅಳತೆಗಳು ಇವೆಲ್ಲ ಮಾಡೆಲ್‌ನ ಕೆಳಪದರದಲ್ಲಿ ಇರುವಂಥವು; ಆವೃತ್ತಿಯ ಗಡಿ ದಾಟುವಾಗ ಅವೇ ಸುಲಭವಾಗಿ ಸಾಗಲಿಲ್ಲ. ಟುಲೂಸ್‌ನ ವಿನ್ಯಾಸಕಾರ ಚೌಕಟ್ಟಿನ ಒಂದು ಬ್ರಾಕೆಟ್ ಅನ್ನು ಸರಿಸಿದರೆ, ಹ್ಯಾಂಬರ್ಗ್‌ನಿಂದ ಬಂದ ತಂತಿಯ ರೇಖೆ ಅದನ್ನು ಅನುಸರಿಸಿ ತಾನೂ ಸರಿಯಬೇಕಿತ್ತು. ನಿಯಮ ಕಳೆದುಕೊಂಡ ರೇಖೆ ಸರಿಯುವುದಿಲ್ಲ, ಉದ್ದವೂ ಬದಲಾಗುವುದಿಲ್ಲ, ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ.

ತಟಸ್ಥ ಫೈಲ್ ರೂಪಗಳನ್ನು ಬಳಸಬಹುದಿತ್ತಲ್ಲ ಎಂಬ ಪ್ರಶ್ನೆ ಏಳುತ್ತದೆ. 1980ರಿಂದ ಐಜಿಇಎಸ್, 1994ರಿಂದ ಐಎಸ್‌ಒ 10303 ಅಥವಾ ಸ್ಟೆಪ್ ಎಂಬ ಮಾನಕಗಳು ಇವೆ. ಆ ಕಾಲದಲ್ಲಿ ಅವು ಸಾಗಿಸುತ್ತಿದ್ದುದು ಮುಖ್ಯವಾಗಿ ಆಕಾರವನ್ನು ಮತ್ತು ಜೋಡಣೆಯ ರಚನೆಯನ್ನು. ಫೀಚರ್‌ಗಳ ಇತಿಹಾಸ ಅಲ್ಲೂ ಉಳಿಯುತ್ತಿರಲಿಲ್ಲ. ಇಂದಿಗೂ ಸಣ್ಣ ಕಾರ್ಖಾನೆಗಳ ನಡುವೆ ಸ್ಟೆಪ್ ಫೈಲ್ ಕಳುಹಿಸಿ ಮಾಡೆಲ್ ಕೊಟ್ಟಿದ್ದೇವೆ ಎನ್ನುವವರು ಕೊಡುತ್ತಿರುವುದು ಮೇಲಿನ ಪದರವೊಂದನ್ನೇ. ಮಿಲ್ಲಿಂಗ್ ಯಂತ್ರಕ್ಕೆ ಅಷ್ಟು ಸಾಕು. ವಿನ್ಯಾಸವನ್ನು ಮುಂದುವರಿಸಬೇಕಾದವನಿಗೆ ಸಾಲದು.

ದೋಷ ಬೇಗ ಕಾಣಲಿಲ್ಲವೇಕೆ

ಎರಡು ಆವೃತ್ತಿ ಹೊಂದಲಿಲ್ಲ, ವಿಮಾನ ತಡವಾಯಿತು ಎಂಬ ಒಂದು ಸಾಲಿನ ವಿವರಣೆ ಜನಪ್ರಿಯವಾಗಿದೆ. ಅದರಲ್ಲಿ ಸುಳ್ಳಿಲ್ಲದಿದ್ದರೂ ನನಗೆ ಅದು ಅರ್ಧದಷ್ಟೇ ಎನಿಸುತ್ತದೆ. ಫೈಲುಗಳು ಹೊಂದದಿರುವುದು ಎಂಜಿನಿಯರುಗಳಿಗೆ ಮೊದಲೇ ಗೊತ್ತಿರಬಹುದಾದ ಸಂಗತಿ, ಪರೀಕ್ಷೆಗಾಗಿ ಒಂದು ಭಾಗವನ್ನು ಅತ್ತಿಂದಿತ್ತ ಕಳುಹಿಸಿ ನೋಡಿದರೆ ಬಯಲಾಗುವಂಥದ್ದು. ಹೊಂದದ ಫೈಲುಗಳ ನಡುವೆ ಯಾವ ಬದಲಾವಣೆ ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬುದನ್ನು ಹಿಡಿದಿಡುವ ಒಂದೇ ಕೇಂದ್ರವಿಲ್ಲದಿದ್ದುದು ಹೆಚ್ಚು ಗಂಭೀರ. ವಿನ್ಯಾಸಕಾರರು ಇದನ್ನು ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಪ್ರತಿ ಭಾಗದ ಯಾವ ರಿವಿಷನ್ ಯಾವ ಸಂಖ್ಯೆಯ ವಿಮಾನಕ್ಕೆ ಸಲ್ಲುತ್ತದೆ ಎಂಬ ಲೆಕ್ಕ ಅದು. ಸಾಮಾನ್ಯ ಯಂತ್ರವೊಂದರಲ್ಲಿ ಈ ಲೆಕ್ಕ ಒಂದು ಪಟ್ಟಿಯಲ್ಲಿ ಮುಗಿಯುತ್ತದೆ. ಗ್ರಾಹಕನಿಗೊಂದು ಒಳಾಂಗಣ ಇರುವ ವಿಮಾನದಲ್ಲಿ, ಹಾರಾಟ ಪರೀಕ್ಷೆಯಿಂದ ಬದಲಾವಣೆಗಳು ಬರುತ್ತಲೇ ಇರುವ ಹೊತ್ತಿನಲ್ಲಿ, ಅದು ದಿನವೂ ಬದಲಾಗುತ್ತದೆ.

ಇಂಥ ಕಡೆ ಕೈಹಿಡಿಯಬೇಕಾದ ಸಾಧನವೆಂದರೆ ಡಿಜಿಟಲ್ ಮಾಕ್‌ಅಪ್: ಇಡೀ ವಿಮಾನದ ಎಲ್ಲ ಭಾಗಗಳೂ ತಮ್ಮ ತಮ್ಮ ಜಾಗದಲ್ಲಿ ಕೂತಿರುವ ಒಂದೇ ಮಾಡೆಲ್. ಭಾಗಗಳು ಒಂದರೊಳಗೊಂದು ನುಗ್ಗಿವೆಯೇ ಎಂದು ಅದು ತಾನೇ ಹುಡುಕಿ ತೋರಿಸುತ್ತದೆ. ಇದು ಆಗ ಹೊಸ ಕಲ್ಪನೆಯೇನೂ ಆಗಿರಲಿಲ್ಲ. 1994ರ ಜೂನ್ 12ರಂದು ಮೊದಲು ಹಾರಿದ ಬೋಯಿಂಗ್ 777 ವಿಮಾನವನ್ನು ಇದೇ ಕ್ಯಾಟಿಯಾದ ಇನ್ನೂ ಹಳೆಯ ಆವೃತ್ತಿಯಲ್ಲಿ ಪೂರ್ತಿಯಾಗಿ ಮೂರು ಆಯಾಮದಲ್ಲಿ ವಿನ್ಯಾಸಗೊಳಿಸಲಾಗಿತ್ತು. ಪರದೆಯ ಮೇಲಿನ ಜೋಡಣೆಯನ್ನು ಒರೆಗೆ ಹಚ್ಚಲು ಮೂತಿಯ ಭಾಗದ ಒಂದು ನಿಜ ಗಾತ್ರದ ಮಾದರಿಯನ್ನು ಮಾತ್ರ ಕಟ್ಟಲಾಗಿತ್ತು. ಎಂದರೆ ಯಶಸ್ಸಿಗೆ ಬೇಕಿದ್ದುದು ಹೊಸ ಆವೃತ್ತಿಯ ಸಾಫ್ಟ್‌ವೇರ್ ಎಂದು ಹೇಳಲು ಬರುವುದಿಲ್ಲ. ಎ380ರ ಬಗ್ಗೆ ಬರೆಯುವವರು ಜರ್ಮನ್ನರು ಹಳೆಯದಕ್ಕೆ ಅಂಟಿಕೊಂಡರು ಎಂದು ದೂರುವಾಗ ಈ ಸಂಗತಿಯನ್ನು ಮರೆಯುತ್ತಾರೆ. ಎಲ್ಲರೂ ನಾಲ್ಕರಲ್ಲೇ ಉಳಿದಿದ್ದರೂ ವಿಮಾನ ಸರಿಯಾಗಿಯೇ ಬರುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಮಾಕ್‌ಅಪ್‌ನ ಮಿತಿಯೊಂದನ್ನು ಇಲ್ಲೇ ಹೇಳಬೇಕು. ಅದು ಹುಡುಕುವುದು ಡಿಕ್ಕಿಯನ್ನು. ಕೊರತೆಯನ್ನು ಹಿಡಿಯಬೇಕಾದರೆ ಬೇರೆ ತಪಾಸಣೆ ಬೇಕು. ಬ್ರಾಕೆಟ್‌ನೊಳಗೆ ತಂತಿ ನುಗ್ಗಿದ್ದರೆ ಪರದೆ ಕೆಂಪಾಗುತ್ತದೆ. ತಂತಿ ಕನೆಕ್ಟರ್‌ಗಿಂತ 5 ಸೆಂಟಿಮೀಟರ್ ಮೊದಲೇ ನಿಂತಿದ್ದರೆ ಆ ಖಾಲಿ ಜಾಗದಲ್ಲಿ ಡಿಕ್ಕಿ ಹೊಡೆಯುವಂಥದ್ದು ಏನೂ ಇಲ್ಲ. ಇನ್ನೂ ಒಂದು ಕಾರಣವಿದೆ. ತಂತಿಕಟ್ಟನ್ನು ಸಾಫ್ಟ್‌ವೇರ್ ಜಡ ವಸ್ತುವಿನಂತೆ ಒಂದೇ ಭಂಗಿಯಲ್ಲಿ ತೋರಿಸುತ್ತದೆ. ನಿಜವಾದ ಕಟ್ಟು ತನ್ನ ಭಾರಕ್ಕೆ ಜೋಲುತ್ತದೆ, ಕ್ಲ್ಯಾಂಪಿನಲ್ಲಿ ತಿರುಚುತ್ತದೆ, ಬಿಗಿಯಾದ ಬಾಗಿನಲ್ಲಿ ಮೊಂಡು ಹಿಡಿದು ಹೊರಕ್ಕೆ ಉಬ್ಬುತ್ತದೆ. ಆದ್ದರಿಂದಲೇ ಹಾರ್ನೆಸ್ ವಿನ್ಯಾಸದಲ್ಲಿ ಉದ್ದಕ್ಕೂ ಟಾಲರೆನ್ಸ್ ಇರುತ್ತದೆ, ತುದಿಗಳಲ್ಲಿ ಸಡಿಲು ಬಿಡಲಾಗುತ್ತದೆ. ಸಡಿಲೆಂದರೆ ತೂಕ, 530 ಕಿಲೋಮೀಟರ್ ತಂತಿಯ ವಿಮಾನದಲ್ಲಿ ಎಲ್ಲ ಕಡೆ ಧಾರಾಳವಾಗಿ ಸಡಿಲು ಬಿಡುವ ವಿನ್ಯಾಸಕಾರ, ಅಲ್ಯೂಮಿನಿಯಂ ತಂದ ಲಾಭವನ್ನು ತಾನೇ ತಿಂದುಹಾಕುತ್ತಾನೆ.

ದುರಸ್ತಿ

ಹ್ಯಾಂಬರ್ಗ್‌ನಿಂದ ನೂರಾರು ತಂತ್ರಜ್ಞರು ಟುಲೂಸ್‌ಗೆ ಬಂದು, ವಿಮಾನದೊಳಗೆ ಕೂತು, ತಂತಿಗಳನ್ನು ಬಿಚ್ಚಿ ಕೈಯಾರೆ ಮರುಜೋಡಿಸಿದರು. ಮೊದಲ 25 ವಿಮಾನಗಳು ಹೀಗೆ ಒಂದೊಂದಾಗಿ ಕೈಕೆಲಸದಿಂದಲೇ ಸಿದ್ಧವಾದವು. ಏರ್‌ಬಸ್ ಅವನ್ನು ಮೊದಲ ಅಲೆ ಎಂದು ಕರೆಯಿತು. ಇಂಥ ಕೆಲಸದಲ್ಲಿ ಡ್ರಾಯಿಂಗ್‌ನ ಹೊಣೆ ತಲೆಕೆಳಗಾಗುತ್ತದೆ: ಸಾಮಾನ್ಯವಾಗಿ ಡ್ರಾಯಿಂಗ್ ನೋಡಿ ತಂತಿ ಹಾಕುತ್ತಾರೆ, ಇಲ್ಲಿ ಹಾಕಿದ ತಂತಿಯನ್ನು ನೋಡಿ ಆ ವಿಮಾನಕ್ಕಷ್ಟೇ ಸಲ್ಲುವ ದಾಖಲೆಯನ್ನು ತಿದ್ದಬೇಕು, ಏಕೆಂದರೆ ಮುಂದೆ ದುರಸ್ತಿ ಮಾಡುವವನಿಗೆ ನಿಜವಾಗಿ ಇರುವ ತಂತಿಯ ವಿವರ ಬೇಕು. ಈ ನಡುವೆ ಸರಕು ಸಾಗಣೆಯ ಎ380ಕ್ಕೆ ಬೇಡಿಕೆ ಸಲ್ಲಿಸಿದ್ದ ಫೆಡೆಕ್ಸ್ 2006ರ ನವೆಂಬರ್‌ನಲ್ಲೂ ಯುಪಿಎಸ್ 2007ರ ಮಾರ್ಚ್‌ನಲ್ಲೂ ಹಿಂದೆ ಸರಿದವು, ಆ ಮಾದರಿ ಕಾಗದದಲ್ಲೇ ಉಳಿಯಿತು.

26ನೆಯ ವಿಮಾನದಿಂದ ಆರಂಭವಾದ ಎರಡನೆಯ ಅಲೆಯಲ್ಲಿ ತಂತಿಯ ವಿನ್ಯಾಸವನ್ನು ಎಲ್ಲ ಕೇಂದ್ರಗಳಿಗೂ ಒಂದೇ ಆದ ಸಾಧನ ಮತ್ತು ಒಂದೇ ಮಾಕ್‌ಅಪ್‌ಗೆ ತರಲಾಯಿತು. ಹಳೆಯ ಫೈಲುಗಳನ್ನು ಬರಿದೇ ಪರಿವರ್ತಿಸಿದರೆ ಸತ್ತ ಆಕಾರಗಳಷ್ಟೇ ಸಿಗುತ್ತವೆ ಎಂದು ಮೇಲೆ ನೋಡಿದೆವು. ನಿಯಮಗಳು ಮತ್ತೆ ಜೀವ ಪಡೆಯಬೇಕಾದರೆ ಹಾರ್ನೆಸ್‌ಗಳನ್ನು ಹೊಸ ವ್ಯವಸ್ಥೆಯಲ್ಲಿ ಮರಳಿ ಕಟ್ಟಬೇಕಾಗುತ್ತದೆ, ವರ್ಷಗಟ್ಟಲೆ ಸಮಯ ಹಿಡಿಯುವುದು ಈ ಕೆಲಸವೇ. ಎ380ರ ಕೊನೆಯ ವಿಮಾನ 2021ರ ಡಿಸೆಂಬರ್‌ನಲ್ಲಿ ಎಮಿರೇಟ್ಸ್‌ಗೆ ಹಸ್ತಾಂತರವಾಯಿತು, ಒಟ್ಟು 251. ಅದೇ ಸಂಸ್ಥೆಯ ಎ380 ವಿಮಾನಗಳು 2022ರ ಅಕ್ಟೋಬರ್‌ನಿಂದ ಬೆಂಗಳೂರಿಗೂ ಬರತೊಡಗಿದವು. ಮಾರಾಟ ಕುಗ್ಗಿದ್ದಕ್ಕೆ ತಂತಿಯೇ ಕಾರಣವೆನ್ನುವುದು ಅತಿರೇಕ. ನಾಲ್ಕು ಎಂಜಿನ್‌ಗಳ ದೊಡ್ಡ ವಿಮಾನಕ್ಕೆ ಬೇಡಿಕೆ ಕಡಿಮೆಯಾಗಲು ಬೇರೆ ಕಾರಣಗಳೂ ಸಾಕಷ್ಟಿದ್ದವು.

2013ರ ಜೂನ್ 14ರಂದು ಮೊದಲು ಹಾರಿದ ಎ350 ವಿಮಾನದ ಯೋಜನೆಯಲ್ಲಿ ಏರ್‌ಬಸ್ ತನ್ನ ಎಲ್ಲ ಕೇಂದ್ರಗಳನ್ನೂ ಮುಖ್ಯ ಸರಬರಾಜುದಾರರನ್ನೂ ಒಂದೇ ಡಿಜಿಟಲ್ ಮಾಕ್‌ಅಪ್‌ನ ಮೇಲೆ ಕೆಲಸ ಮಾಡಿಸಿತು. ಆ ವಿಮಾನವೂ ಯೋಜಿತ ದಿನಾಂಕಕ್ಕಿಂತ ತಡವಾಗಿಯೇ ಬಂದಿತು, ಆದರೆ ಅದಕ್ಕೆ ಕಾರಣ ತಂತಿಯ ಉದ್ದವಾಗಿರಲಿಲ್ಲ.